ಕೇಳದೆ ಸಿಗುವ ಪಾಲು

ಮರವಂತೆಯ ಕಡಲ ಕರೆಯಲ್ಲಿ ಕೈರಂಪಣಿ ಬಲೆ ಎಳೆಯಲು ಶುರು ಮಾಡಿದ ಕಾಲದಿಂದ ಒಂದು ಮರ್ಯಾದೆ ನಡೆದು ಬಂದಿದೆ. ದೋಣಿ ಬಲೆಯನ್ನು ಕಡಲಲ್ಲಿ ಸುತ್ತು ಹಾಕಿ ಬರುತ್ತದೆ. ಹಗ್ಗದ ಎರಡೂ ತುದಿಯನ್ನು ದಡದಲ್ಲಿ ನಿಂತವರು ಎಳೆಯುತ್ತಾರೆ. ಬಲೆ ಯಾರದ್ದೇ ಇರಲಿ, ಹಗ್ಗಕ್ಕೆ ಕೈ ಹಚ್ಚಿದವನಿಗೆ ಪಾಲು ಉಂಟು. ದಾರಿಯಲ್ಲಿ ಹೋಗುತ್ತಿದ್ದವನು ಚಪ್ಪಲಿ ಬಿಟ್ಟು ಬಂದು ಹಗ್ಗ ಹಿಡಿದರೆ ಅವನಿಗೂ ಉಂಟು. ಮೀನು ರಾಶಿ ಬಿದ್ದ ಮೇಲೆ ಹಿರಿಯನೊಬ್ಬ ಕುಳಿತು ಪಾಲು ಹಾಕುತ್ತಾನೆ. ಆಗ ಯಾರೂ ಬಾಯಿ ಬಿಡುವ ಹಾಗಿಲ್ಲ, ಕೈ ಚಾಚುವ ಹಾಗಿಲ್ಲ. ಬುಟ್ಟಿಯನ್ನು ಕಾಲ ಬುಡದಲ್ಲಿ ಇಟ್ಟು ಸುಮ್ಮನೆ ನಿಲ್ಲಬೇಕು. ಪಾಲು ತಾನಾಗಿ ಬಂದು ಬೀಳುತ್ತದೆ. ‘ನನ್ನ ಪಾಲು ಕೊಡಿ’ ಎಂದು ಕೇಳಿದರೆ, ಪಾಲು ಹಾಕುವವನ ಮುಖಕ್ಕೆ ‘ನೀನು ಕಳ್ಳ’ ಎಂದು ಉಗಿದ ಹಾಗೆ.

ಸೀತುವಿನ ಮಾವ ಮಂಜ ಬದುಕಿರುವ ತನಕ ಆ ಕರೆಯಲ್ಲಿ ಪಾಲು ಹಾಕಿದವನು. ಒಂದೇ ಒಂದು ಸಲ ಯಾರೋ ಹೊರಗಿನವನು ಹಾಗೆ ಕೇಳಿಬಿಟ್ಟ. ಮಂಜ ತನ್ನ ಮನೆಯ ಪಾಲನ್ನೂ ಎತ್ತಿ ಅವನ ಬುಟ್ಟಿಗೆ ಸುರಿದು, ಕೈ ತೊಳೆದು ಮನೆಗೆ ನಡೆದ. ಆ ಮನುಷ್ಯ ಮತ್ತೆ ಮರವಂತೆಯ ಹಗ್ಗ ಮುಟ್ಟಲಿಲ್ಲ. ಮಂಜ ಆ ದಿನ ಉಣ್ಣಲಿಲ್ಲ.

ಸೀತು ಸೊಸೆಯಾಗಿ ಬಂದು ಕಲಿತ ಮೊದಲ ಪಾಠ ಅದು. ಶಾಲೆ ಅಂದರೆ ಅವಳಿಗೆ ಎರಡನೇ ಕ್ಲಾಸು. ಆಮೇಲೆ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಮೀನು ಹೊತ್ತು ಬೈಂದೂರಿನ ಪೇಟೆಗೂ ಹೋಗಿದ್ದಾಳೆ, ಬಸ್ಸು ಹತ್ತಿ ಕೆರಾಡಿಯ ಕಾಡಂಚಿನ ಮನೆಗಳಿಗೂ ಹೋಗಿದ್ದಾಳೆ. ಆಗ ಐಸ್ ಅಂದರೆ ಬೋಟಿನ ಸಾಹುಕಾರರ ಸ್ವತ್ತು. ಐಸ್ ಮಾಡುವ ಪ್ಲಾಂಟಿನವನು ಮೊದಲು ಬೋಟಿಗೆ ಕೊಡುವುದು, ಆಮೇಲೆ ಲಾರಿಗೆ, ಕೊನೆಗೆ ಕರಗಿ ನೀರಾಗುತ್ತಿದ್ದ ಚೂರು ಹೆಂಗಸರಿಗೆ. ಕೆರಾಡಿ ಮುಟ್ಟುವಾಗ ಬಂಗುಡೆಯ ಕಣ್ಣು ಬೆಳ್ಳಗಾಗಿರುತ್ತಿತ್ತು. ಅರ್ಧ ಬುಟ್ಟಿ ಮೀನು ತೆಂಗಿನ ಬುಡಕ್ಕೆ ಹೋಗುತ್ತಿತ್ತು.

ಅದಕ್ಕೇ ಮೀನು ಮಾರುವ ಹೆಂಗಸರು ಸೇರಿ ಸಂಘ ಮಾಡಿ, ಹೊಳೆ ಬದಿಯಲ್ಲಿ ಒಂದು ಸಣ್ಣ ಐಸ್ ಪ್ಲಾಂಟ್ ಕಟ್ಟಿದರು. ಕಲ್ಲು ಹೊತ್ತವರು ಅವರೇ, ಗೋಡೆಗೆ ನೀರು ಹಾಕಿದವರೂ ಅವರೇ. ಯಂತ್ರ ಬಂದು ಕೂತಿತು. ಕರೆಂಟು ಮಾತ್ರ ಬರಲಿಲ್ಲ. ಬೇರೆಯೇ ಟ್ರಾನ್ಸ್‌ಫಾರ್ಮರ್ ಬೇಕು, ಅದು ಮೇಲಿಂದ ಮಂಜೂರಾಗಬೇಕು, ಮೇಲಿನವರಿಗೆ ಪುರುಸೊತ್ತಿಲ್ಲ ಎಂದು ಆಫೀಸಿನವರು ಅಲೆಸಿದರು.

ಆಗ ಬಂದವರು ತೆಕ್ಕಟ್ಟೆಯ ಕಿಟ್ಟ ಹೆಗ್ಡೆ. ಗದ್ದೆ, ತೋಟ, ಮುಂಬೈಯಲ್ಲಿ ಅಣ್ಣಂದಿರ ಹೋಟೆಲು ಇದ್ದ ಮನೆಯ ಕೊನೆಯ ಮಗ. ಕುಂದಾಪುರದ ಕೋರ್ಟಿನಲ್ಲಿ ಹೊಸದಾಗಿ ಕಪ್ಪು ಕೋಟು ಹಾಕಿದ್ದರು. ಕೇಸು ಕಡಿಮೆ, ಮಾತು ಜಾಸ್ತಿ. ಹೆಂಗಸರ ಕತೆ ಕೇಳಿ ಹೆದ್ದಾರಿಗೆ ಬಂದು ನಿಂತು, ಎರಡೂ ಕಡೆ ನೋಡಿ ನಕ್ಕರು.

“ಸೀತಕ್ಕ, ಆಫೀಸಿಗೆ ಅಲೂದ್ ಬಿಡಿ. ಇಲ್ಲ್ ಕೂಕಂಡ್ರೆ ಆಯ್ತ್. ಈಚಿಗ್ ಕಡ್ಲ್, ಆಚಿಗ್ ಹೊಳಿ. ಬಸ್ ಎಲ್ಲ್ ಹೋತ್ತ್?”

“ಪೊಲೀಸ್ರ್ ಬಂದ್ರೆ ಹೆಗ್ಡ್ರೆ?”

“ಬರ್ಲಿ. ಒಂದ್ ಗಳ್ಗಿ ಅವ್ರೂ ನಿಮ್ ಬುಟ್ಟಿ ವಾಸ್ನಿ ಕುಡಿಲಿ.”

ಹೆಂಗಸರು ಹಳಸಿದ ಮೀನಿನ ಬುಟ್ಟಿ ಇಟ್ಟುಕೊಂಡು ಹೆದ್ದಾರಿಯ ನಡುವೆ ಕೂತರು. ಹೆಗ್ಡೆಯವರೂ ಅವರ ಮಧ್ಯೆ ಚಕ್ಕಳ ಮಕ್ಕಳ ಹಾಕಿ ಕೂತರು. ಲಾರಿ ಸಾಲು ಒಂದು ಕಡೆ ತ್ರಾಸಿ ದಾಟಿತು, ಇನ್ನೊಂದು ಕಡೆ ನಾವುಂದ ದಾಟಿತು. ಮಾರನೆ ದಿನ ಪೇಪರಿನಲ್ಲಿ ಅವರ ಪಟ ಬಂತು. ಬಿಳಿ ಅಂಗಿ, ಸುತ್ತ ಹೆಂಗಸರು, ಬಲಗಡೆ ಸೀತು. ಆ ಪಟ ಮುಂದೆ ಅವರ ಎಲ್ಲ ಚುನಾವಣೆಯ ಎಲ್ಲ ಪೋಸ್ಟರಿನಲ್ಲೂ ಬಂತು.

ರಸ್ತೆಯಲ್ಲಿ ಕೂತ ದಿನದ ಸಂಜೆಯೇ ಕರೆಯಲ್ಲಿ ಬಲೆ ಎಳೆಯುತ್ತಿದ್ದರು. ಹೆಗ್ಡೆಯವರು ಪ್ಯಾಂಟು ಮಡಚಿ ಹಗ್ಗ ಹಿಡಿದರು. ಅಂಗೈ ಸಿಪ್ಪೆ ಹೋಯಿತು. ಮಂಜ ಪಾಲು ಹಾಕುವಾಗ ಅವರು ಹೆಗಲಿಂದ ತೆಗೆದು ಕಾಲ ಬುಡದಲ್ಲಿ ಹಾಸಿದ್ದ ಬೈರಾಸಿನ ಮೇಲೂ ಒಂದು ಪಾಲು ಬಿತ್ತು.

“ಅಯ್ಯೊ, ನಂಗೆಂತಕ್ಕೆ ಮಾರಾಯ್ರೆ?” ಎಂದರು ಹೆಗ್ಡೆ.

ಸೀತು ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: “ಹೆಗ್ಡ್ರೆ, ಇಲ್ಲ್ ಬಾಯಿ ಬಿಡುಕಾಗ. ಇದ್ ಕೇಂಡ್ ತಕಂಬ್ದೂ ಅಲ್ಲ, ಬ್ಯಾಡ ಅಂಬ್ದೂ ಅಲ್ಲ. ಹಗ್ಗ ಮುಟ್ಟಿರಿ, ಪಾಲ್ ಬಿತ್ತ್. ಸುಮ್ನೆ ತಕಣಿ.”

ಹೆಗ್ಡೆ ಬಾಯಿ ಮುಚ್ಚಿದರು. ಮೀನಿನ ಗಂಟು ಹಿಡಿದು ಬಹಳ ಹೊತ್ತು ಕಡಲು ನೋಡುತ್ತಾ ನಿಂತರು. ಅದು ಸೀತು ಕಣ್ಣಾರೆ ಕಂಡದ್ದು. ಆ ದಿನ ಅವರ ಮನಸ್ಸಿನಲ್ಲಿ ಕಪಟ ಇರಲಿಲ್ಲ ಎಂದು ಈಗಲೂ ಹೇಳುತ್ತಾಳೆ.

ಮಳೆಗಾಲಕ್ಕೆ ಮೊದಲು ಟ್ರಾನ್ಸ್‌ಫಾರ್ಮರ್ ಬಂತು. ಉದ್ಘಾಟನೆಗೆ ಎಂಜಿನಿಯರು ಕೈ ಮುಂದೆ ಮಾಡಿದಾಗ ಹೆಗ್ಡೆ ಅವರ ಕೈ ಸರಿಸಿದರು. “ಸ್ವಿಚ್ ಹಾಕುದ್ ಸೀತಕ್ಕ,” ಎಂದರು. ಸೀತು ಸೆರಗಿನಲ್ಲಿ ಬೆರಳು ಒರೆಸಿ ಸ್ವಿಚ್ಚು ಒತ್ತಿದಳು. ಯಂತ್ರ ಗುಂಯ್ ಎಂದಿತು. ಮೊದಲ ಐಸ್ ಗಡ್ಡೆ ಹೊರಬಂದಾಗ ಸೀತುವಿನ ಜೊತೆ ಮೀನು ಹೊರುವ ಅಕ್ಕು ಅದನ್ನು ತಬ್ಬಿಕೊಂಡು, “ಹೆಣೆ, ನನ್ ಗಂಡ ಇಷ್ಟ್ ಥಂಡಿ ಇದ್ದಿದ್ರೆ ಸಂಸಾರ ಸುಕ ಇರ್ತಿತ್ತ್!” ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು.

ಆಮೇಲಿನದ್ದು ಹೆಗ್ಡೆಯವರ ಏರುಗಾಲ. ತಾಲೂಕು ಪಂಚಾಯತಿ ಗೆದ್ದರು. ಜಿಲ್ಲಾ ಪಂಚಾಯತಿ ಗೆದ್ದರು. ವಿಧಾನಸಭೆಗೆ ಟಿಕೆಟು ಕೇಳಿದಾಗ ಪಕ್ಷದವರು ಒಬ್ಬ ಕಂತ್ರಾಟುದಾರನಿಗೆ ಕೊಟ್ಟರು. ಸಿಟ್ಟಿನಲ್ಲಿ ಪಕ್ಷ ಬಿಟ್ಟು ನಿಂತರು, ಸೋತರು. ಇನ್ನೊಂದು ಪಕ್ಷಕ್ಕೆ ಹೋದರು. ಅಲ್ಲಿಯೂ ಟಿಕೆಟು ಸಿಗದೆ ಬೇರೆಯವರ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕೂತು ಕೂದಲು ನರೆಯಿತು. ಆದರೆ ಎಲ್ಲಿ ಮೈಕು ಸಿಕ್ಕಿದರೂ ಒಂದು ಮಾತು ಹೇಳದೆ ಇಳಿಯುತ್ತಿರಲಿಲ್ಲ: “ಮರವಂತೆಯ ಕಡಲ ಕರೆಯಲ್ಲಿ ನಾನು ನ್ಯಾಯ ಕಲಿತೆ. ಅಲ್ಲಿ ಕೇಳದೆ ನಿಂತವನ ಪಾಲೂ ಅವನಿಗೆ ಮುಟ್ಟುತ್ತದೆ. ಸರಕಾರ ಅಂದರೆ ಹಾಗಿರಬೇಕು.” ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಕಡೆಗೆ ಅವರ ಪಕ್ಷದ ಸರಕಾರ ಬಂತು. ಟಿಕೆಟು ತಪ್ಪಿಸಿದ್ದಕ್ಕೆ ಸಮಾಧಾನ ಎಂದು ರಾಜ್ಯದ ಕರೆಂಟಿನ ದರ ನಿಗದಿ ಮಾಡುವ ಆಯೋಗಕ್ಕೆ ಸದಸ್ಯರನ್ನಾಗಿ ಹಾಕಿದರು. ಸ್ವಲ್ಪ ಕಾಲಕ್ಕೆ ಅಧ್ಯಕ್ಷರೇ ಆದರು. ಯಾವ ಮನೆಗೆ ಯಾವ ರೇಟು, ಯಾವ ಕಾರ್ಖಾನೆಗೆ ಎಷ್ಟು ಎಂದು ತೀರ್ಮಾನ ಮಾಡುವ ಕುರ್ಚಿ. ವಿದ್ಯುತ್ ಕಂಪನಿಯವರು ಕೇಳುತ್ತಾರೆ, ಜನ ಆಕ್ಷೇಪ ಹೇಳುತ್ತಾರೆ, ನಡುವೆ ಕೂತು ಇವರು ಹಂಚುತ್ತಾರೆ. ಸೀತುವಿಗೆ ಅದನ್ನು ವಿವರಿಸಿದವಳು ಮೊಮ್ಮಗಳು ಮೋಕ್ಷಿತಾ. ಕೇಳಿ ಸೀತು, “ಹಾಂಗಾರೆ ನಮ್ಮ್ ಮಾವಯ್ಯನ್ ಕೆಲ್ಸವೇ ಅಲ್ದಾ? ಪಾಲ್ ಹಾಕುದ್,” ಎಂದಳು.

ಬ್ರಹ್ಮಾವರದಲ್ಲಿ ದೊಡ್ಡ ಸನ್ಮಾನ ನಡೆಯಿತು. ಶಾಲು, ಹಣ್ಣಿನ ಬುಟ್ಟಿ, ಆಳೆತ್ತರದ ಹಾರ. ಮರವಂತೆಯಿಂದ ಹೆಂಗಸರು ಟೆಂಪೋ ಮಾಡಿಕೊಂಡು ಹೋಗಿದ್ದರು. ಹೆಗ್ಡೆ ಮತ್ತೆ ಅದೇ ಮಾತು ಹೇಳಿದರು, ಕೇಳದೆ ನಿಂತವನ ಪಾಲಿನ ಮಾತು. ಸೀತು ಕಣ್ಣೊರೆಸಿಕೊಂಡಳು. ಬರುವಾಗ ಅಕ್ಕು, “ಹೆಗ್ಡ್ರ್ ಕಾರಿನ್ ಗ್ಲಾಸ್ ಇಳ್ಸ್ಲೇ ಇಲ್ಲೆ, ಕಂಡ್ಯಾ?” ಎಂದಳು. “ಒಳ್ಗ್ ಏಸಿ ಇತ್ತ್, ಇಳ್ಸುಕಾತ್ತಾ?” ಎಂದು ಸೀತು ಅವಳ ಬಾಯಿ ಮುಚ್ಚಿಸಿದಳು.

ಒಂದೆರಡು ವರ್ಷ ಹಾಗೇ ಹೋಯಿತು. ಒಂದು ಬೆಳಿಗ್ಗೆ ಮೋಕ್ಷಿತಾ ಪೇಪರು ಹಿಡಿದುಕೊಂಡು ಮೀನು ಮಾರ್ಕೆಟ್ಟಿಗೇ ಓಡಿ ಬಂದಳು. ಕಾಲೇಜು ಮುಗಿಸಿ ಸಂಘದ ಐಸ್ ಪ್ಲಾಂಟಿನಲ್ಲಿ ಬಿಲ್ಲು ಬರೆಯುವ ಕೆಲಸ ಅವಳದ್ದು.

“ಅಮ್ಮಮ್ಮ, ಕರೆಂಟ್ ಕಂಪನಿಯವ್ರ್ ಹೊಸ ರೇಟ್ ಕೇಂಡಿರ್. ಸಣ್ಣ ಐಸ್ ಪ್ಲಾಂಟನ್ನೆಲ್ಲ ಅಂಗ್ಡಿ ರೇಟಿಗೆ ಹಾಕುದಂಬ್ರ್. ದೊಡ್ಡ ಕೋಲ್ಡ್ ಸ್ಟೋರೇಜಿಗಾರೆ ಕಾರ್ಖಾನಿ ರೇಟ್, ಕಡ್ಮಿ. ಹಾಂಗಾರೆ ನಮ್ಮ್ ಪ್ಲಾಂಟ್ ಬಾಳುದಿಲ್ಲೆ. ಕರೆಂಟ್ ಬಿಲ್ಲಿಗೇ ಐಸೆಲ್ಲ ಕರ್ಗಿ ಹೋತ್ತ್.”

“ತೀರ್ಮಾನ ಯಾರ್ದ್?”

“ಹೆಗ್ಡ್ರದ್ದೇ. ಕುಂದಾಪ್ರಕ್ಕೇ ಬತ್ರಂಬ್ರ್, ವಿಚಾರ್ಣಿ ಮಾಡುಕೆ. ನಾವ್ ಮೊದ್ಲೇ ಬರ್ದ್ ಕೊಡ್ಕ್, ಆಮೇಲ್ ಅಲ್ಲ್ ಎದ್ದ್ ನಿಂತ್ ಹೇಳ್ಕ್.”

ಸೀತು ಮೀನಿಗೆ ನೀರು ಚಿಮುಕಿಸುತ್ತಾ ನಕ್ಕಳು. “ಎಂತ ಹೇಳುದ್? ಆ ಪ್ಲಾಂಟ್ ಹ್ಯಾಂಗ್ ಹುಟ್ಟಿತ್ತ್ ಅಂತ ಅವ್ರಿಗೇ ಹೇಳುದಾ? ರಸ್ತಿ ಮೇಲ್ ಕೂತವ್ರಿಗೆ?”

“ಅದ್ ಬೇರೆ ಅಮ್ಮಮ್ಮ. ಇದ್ ಕಾನೂನ್.”

“ಪಾಲ್ ಹಾಕ್ವರ್ ಮುಂದ್ ಕೈ ಚಾಚುದಾ? ಅದೂ ನಮ್ಮವ್ರ್ ಮುಂದೆ? ಥೂ. ಮಾವಯ್ಯ ಇದ್ದಿದ್ರೆ ನಿನ್ ಕೆಮಿಗೆ ಎರಡ್ ಬಿಡ್ತಿದ್ರ್.”

ಹೆಂಗಸರು ಸಂಘದ ಜಗಲಿಯಲ್ಲಿ ಸೇರಿದಾಗ ಮೋಕ್ಷಿತಾ ಮತ್ತೆ ಹೇಳಿ ನೋಡಿದಳು. ಎಲ್ಲರೂ ಸೀತುವಿನ ಮುಖ ನೋಡಿದರು. ಸೀತು ಹೇಳಿದ್ದು ಒಂದೇ ಮಾತು: “ಎಲ್ಲರೂ ಹೋಪ. ಒಳ್ಳೆ ಸೀರೆ ಉಟ್ಕಂಡ್ ಹೋಪ. ಅವ್ರ್ ಕಣ್ಣಿಗ್ ಬೀಳುವ ಹಾಂಗ್ ಕೂಕಂಬ. ಅಷ್ಟ್ ಸಾಕ್. ಬಾಯಿ ಬಿಡುಕಾಗ.”

ಯಾರೂ ಬರೆದು ಕೊಡಲಿಲ್ಲ.

ವಿಚಾರಣೆಯ ದಿನ ಕುಂದಾಪುರದ ಒಂದು ಸಭಾಭವನದಲ್ಲಿ ಏಸಿ ಹಾಕಿದ್ದರು. ಹೆಂಗಸರು ಸೆರಗು ಹೊದ್ದು ಮುದುಡಿ ಕೂತರು. “ನಮ್ಮ್ ಪ್ಲಾಂಟಿಗಿಂತ ಥಂಡಿ ಇತ್ತ್ ಮಾರಾಯ್ತಿ, ಬಂಗ್ಡಿ ತಂದಿದ್ರೆ ಇಲ್ಲೇ ಇಡ್ಲಕ್ಕಿತ್ತ್,” ಎಂದು ಅಕ್ಕು ಪಿಸುಗುಟ್ಟಿದಳು. ನಿಜವಾಗಿ ಸೀತು ಒಂದು ಅಂಜಲ್ ಮೀನು ತಂದಿದ್ದಳು, ಬಾಳೆಲೆಯಲ್ಲಿ ಸುತ್ತಿ. ಹಗ್ಗ ಮುಟ್ಟಿದವರ ಪಾಲು ಎಂದು ವರ್ಷಕ್ಕೊಂದು ಸಲ ತೆಕ್ಕಟ್ಟೆಗೆ ಮೀನು ಕಳಿಸುವುದನ್ನು ಅವಳು ಯಾವತ್ತೂ ತಪ್ಪಿಸಿರಲಿಲ್ಲ. ಬಾಗಿಲಲ್ಲಿ ಹೆಗ್ಡೆಯವರ ಅಕ್ಕನ ಮಗ ಉಲ್ಲಾಸ್ ನಿಂತಿದ್ದ. ಬ್ರಹ್ಮಾವರದ ಹತ್ತಿರ ಹೆದ್ದಾರಿ ಬದಿಯಲ್ಲಿ ಅವನದ್ದೊಂದು ದೊಡ್ಡ ಕೋಲ್ಡ್ ಸ್ಟೋರೇಜ್ ಏಳುತ್ತಿತ್ತು. ಗೋಡೆ ಆಗಿತ್ತು, ಯಂತ್ರ ಬರುವುದಿತ್ತು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸೀತುವಿಗೂ ಗೊತ್ತಿತ್ತು. ಅದಕ್ಕೂ ಇದಕ್ಕೂ ಗಂಟು ಹಾಕುವ ಬುದ್ಧಿ ಅವಳಿಗೆ ಬರಲಿಲ್ಲ.

ಉಲ್ಲಾಸ್ ಮೀನು ನೋಡಿ ಕೈ ಹಿಂದೆ ಕಟ್ಟಿಕೊಂಡ. “ಅಜ್ಜಿ, ಮಾವ ಈಗ ನ್ಯಾಯದ ಕುರ್ಚಿ ಮೇಲ್ ಇಪ್ಪುದ್. ಯಾರ್ ಕೈಯಿಂದ್ಲೂ ಎಂತದೂ ತಕಂಬುಕಾಗ. ತಪ್ಪಾತ್ತ್.”

“ಹೌದಾ,” ಎಂದಳು ಸೀತು. ಅವಳಿಗೆ ಬೇಸರವಾಗಲಿಲ್ಲ, ಹೆಮ್ಮೆಯಾಯಿತು. ಒಂದು ಮೀನು ಮುಟ್ಟದವರು ಅನ್ಯಾಯ ಮಾಡುತ್ತಾರೆಯೇ?

ವೇದಿಕೆಯ ಮೇಲೆ ಹೆಗ್ಡೆ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಕಂಪನಿಯ ಎಂಜಿನಿಯರು ಪರದೆಯ ಮೇಲೆ ಬಣ್ಣ ಬಣ್ಣದ ಗೆರೆ ತೋರಿಸಿ ಮಾತಾಡಿದ. ಹೋಟೆಲಿನವರ ಪರವಾಗಿ ಒಬ್ಬರು ಎದ್ದು ಜೋರು ಮಾಡಿದರು. ಕೆರಾಡಿಯ ಒಬ್ಬ ಕೃಷಿಕರು ಪಂಪುಸೆಟ್ಟಿನ ವಿಷಯಕ್ಕೆ ಟೇಬಲ್ಲು ಗುದ್ದಿದರು. ಸೀತುವಿಗೆ ನಾಚಿಕೆಯಾಯಿತು. ಹಿರಿಯರು ಕೂತಲ್ಲಿ ಹೀಗೆ ಕಿರುಚುವುದೇ?

ಕೊನೆಗೆ ಹೆಗ್ಡೆ ಕನ್ನಡಕ ತೆಗೆದು ಸಭೆಯ ಮೇಲೆ ಕಣ್ಣಾಡಿಸಿದರು.

“ಮೀನುಗಾರಿಕೆ ಕಡೆಯಿಂದ, ಸಣ್ಣ ಐಸ್ ಪ್ಲಾಂಟಿನವರ ಕಡೆಯಿಂದ ಆಕ್ಷೇಪ ಇದೆಯೇ?”

ಅವರ ಕಣ್ಣು ಸೀತುವಿನ ಮೇಲೆ ಬಂದು ನಿಂತಿತು. ಸೀತು ಎರಡೂ ಕೈ ಜೋಡಿಸಿದಳು. ಮುಖ ತುಂಬ ನಕ್ಕಳು. ‘ನಾವು ಬಂದಿದ್ದೇವೆ, ನೀವು ಕಂಡಿರಿ, ಇನ್ನು ನಮಗೆ ಭಯವಿಲ್ಲ’ ಎಂಬ ನಗು ಅದು. ಪಕ್ಕದಲ್ಲಿ ಮೋಕ್ಷಿತಾ ತಟಕ್ಕನೆ ಎದ್ದಳು. “ಸಾರ್...” ಎಂದಳು. ಸೀತು ಅವಳ ದುಪಟ್ಟಾ ಹಿಡಿದು ಎಳೆದು ಕೂರಿಸಿದಳು. ಹುಡುಗಿಯ ಮೊಣಕಾಲು ಕುರ್ಚಿಗೆ ಬಡಿಯಿತು.

“ಬಿಡ್ ಅಮ್ಮಮ್ಮ!”

“ಸುಮ್ನೆ ಕೂಕೊ. ಮಾನ ಕಳೀಬೇಡ.”

ಹೆಗ್ಡೆ ಅದನ್ನೂ ಕಂಡರು. ಕಾದರು. ಕಾಯಲಿಲ್ಲ ಎಂದು ಹೇಳುವ ಹಾಗಿಲ್ಲ. ಒಂದು ಲೋಟ ನೀರು ಕುಡಿದು, ಲೋಟ ಕೆಳಗಿಟ್ಟು, ಬರೆಯುವವನ ಕಡೆ ತಿರುಗಿ ಹೇಳಿದರು: “ಈ ವರ್ಗದಿಂದ ಆಕ್ಷೇಪ ಇಲ್ಲ. ದಾಖಲಿಸಿ.” ಆಮೇಲೆ ಸೀತುವಿಗೆ ತಿರುಗಿ ಕೈ ಮುಗಿದರು.

ಟೆಂಪೋದಲ್ಲಿ ಬರುವಾಗ ಹೆಂಗಸರು ಹಾಡು ಹೇಳಿದರು. ಅಂಜಲ್ ಮೀನನ್ನು ಎಲ್ಲರೂ ತುಂಡು ಮಾಡಿ ಹಂಚಿಕೊಂಡರು. ಮೋಕ್ಷಿತಾ ಡ್ರೈವರಿನ ಪಕ್ಕ ಕೂತವಳು ಹಿಂದೆ ತಿರುಗಲಿಲ್ಲ.

ಆದೇಶ ಬಂತು. ಕಂಪನಿಯವರು ಕೇಳಿದ್ದನ್ನೇ ಆಯೋಗ ಕೊಟ್ಟಿತ್ತು. ಸಣ್ಣ ಐಸ್ ಪ್ಲಾಂಟಿಗೆ ಅಂಗಡಿ ರೇಟು. ಕೆರಾಡಿಯವರು ಗುದ್ದಿದ್ದಕ್ಕೆ ಪಂಪುಸೆಟ್ಟು ಉಳಿಯಿತು. ಹೋಟೆಲಿನವರು ಜೋರು ಮಾಡಿದ್ದಕ್ಕೆ ಅವರದ್ದೂ ಸ್ವಲ್ಪ ಇಳಿಯಿತು.

ಸೀತು ನಂಬಲಿಲ್ಲ. ಕಂಪನಿಯವರು ಅವರ ಕಣ್ಣು ತಪ್ಪಿಸಿ ಏನೋ ಮಾಡಿರಬೇಕು ಎಂದಳು. ಹೆಗ್ಡೆ ಊರಿಗೆ ಬಂದಿದ್ದಾರೆ ಎಂದು ಕೇಳಿ ತೆಕ್ಕಟ್ಟೆಗೆ ಹೋದಳು. ಮನೆಯ ಮುಂದೆ ಅವರ ಕಾರು ಇತ್ತು. ಚಾವಡಿಯ ಮೆಟ್ಟಿಲ ಮೇಲೆ ಕೂರಿಸಿ ಉಲ್ಲಾಸ್ ಕಾಫಿ ಕೊಟ್ಟ.

“ಮಾವನ್ನ ಕಾಂಬುಕಾತ್ತಿಲ್ಲೆ ಅಜ್ಜಿ. ನೀವ್ ಕೇಸಿಗೆ ಸಂಬಂಧ ಪಟ್ಟವ್ರ್. ಹೊರಗ್ ಮಾತಾಡಿದ್ರೆ ಕಾನೂನಿಗೆ ವಿರುದ್ಧ.”

“ನಾನ್ ಮಾತಾಡುದಿಲ್ಲೆ ಮಗಾ. ಅವ್ರ್ ಕಣ್ಣಿಗೆ ಒಂದ್ ಸಲ ಬಿದ್ದ್ ಹೋತೆ.”

“ಅದೂ ಆಗ.”

ಒಳಗಿನಿಂದ ಹೆಗ್ಡೆಯವರ ಕೆಮ್ಮು ಕೇಳಿತು. ಆ ಕೆಮ್ಮು ಸೀತುವಿಗೆ ಪರಿಚಯದ್ದು, ಹೆದ್ದಾರಿಯಲ್ಲಿ ಒಟ್ಟಿಗೆ ಧೂಳು ಕುಡಿದ ದಿನದಿಂದ. ಕೆಮ್ಮು ನಿಂತಿತು. ಒಂದು ಬಾಗಿಲು ಮುಚ್ಚಿಕೊಂಡಿತು. ಸೀತು ಲೋಟ ತೊಳೆದಿಟ್ಟು ಬಂದಳು.

ಐಸ್ ಪ್ಲಾಂಟ್ ಮೊದಲು ಹಗಲು ಮಾತ್ರ ನಡೆಯಿತು. ಆಮೇಲೆ ದಿನ ಬಿಟ್ಟು ದಿನ. ಬಿಲ್ಲು ಬಾಕಿ ಬಿತ್ತು. ಒಂದು ಸೋಮವಾರ ಕಂಪನಿಯ ಲೈನ್‌ಮ್ಯಾನ್ ಬಂದ. ಅವನೂ ಮರವಂತೆಯವನೇ, ಸಂಘದ ಚಂದುವಿನ ಅಳಿಯ. ತಲೆ ತಗ್ಗಿಸಿ ಕಂಬ ಹತ್ತಿದ, ತಲೆ ತಗ್ಗಿಸಿ ಇಳಿದ. ಯಂತ್ರದ ಗುಂಯ್ ನಿಂತ ಮೇಲೆ ಹೊಳೆಯ ಸದ್ದು ಕೇಳಿತು. ಅಷ್ಟು ವರ್ಷ ಅಲ್ಲಿ ಹೊಳೆಗೆ ಸದ್ದು ಉಂಟು ಎಂಬುದೇ ಅವರಿಗೆ ಮರೆತಿತ್ತು. ಉಳಿದ ಗಡ್ಡೆಗಳು ಕರಗಿ ಬಾಗಿಲ ಸಂದಿನಿಂದ ನೀರು ಹರಿದು ರಸ್ತೆ ದಾಟಿತು.

“ನಾನ್ ಎದ್ದಿದ್ದೆ ಅಮ್ಮಮ್ಮ,” ಎಂದಳು ಮೋಕ್ಷಿತಾ. ಬೈಯಲಿಲ್ಲ. ಅಷ್ಟೇ ಹೇಳಿದಳು. ಸ್ವಲ್ಪ ದಿನಕ್ಕೆ ಅವಳು ಕೆಲಸಕ್ಕೆ ಸೇರಿದ್ದು ಬ್ರಹ್ಮಾವರದಲ್ಲಿ, ಉಲ್ಲಾಸನ ಕೋಲ್ಡ್ ಸ್ಟೋರೇಜಿನಲ್ಲಿ ಬಿಲ್ಲು ಬರೆಯಲು. ಆ ಕೆಲಸ ಬಲ್ಲವರು ಅಲ್ಲಿಗೆ ಬೇಕಿತ್ತು.

ಹೆಗ್ಡೆಯವರ ಅವಧಿ ಮುಗಿಯಲು ಇನ್ನೂ ಸಮಯವಿತ್ತು. ಅಷ್ಟರಲ್ಲಿ ಚುನಾವಣೆ ಬಂತು. ಈ ಸಲ ಬೈಂದೂರಿನ ಟಿಕೆಟು ಅವರಿಗೇ ಎಂದು ಪಕ್ಷದವರು ಹೇಳಿದರು. ಆಯೋಗದ ಕುರ್ಚಿಗೆ ರಾಜೀನಾಮೆ ಬಿಸಾಡಿ ಬಿಳಿ ಅಂಗಿ ಹಾಕಿಕೊಂಡು ಬಂದರು. ಕಂಪನಿಯವರು ದೂರಲಿಲ್ಲ, ಹೋಟೆಲಿನವರು ದೂರಲಿಲ್ಲ, ಕೆರಾಡಿಯವರೂ ದೂರಲಿಲ್ಲ. ಆಯೋಗದಲ್ಲಿ ಕೂತು ಎಲ್ಲರನ್ನೂ ಸಮಾಧಾನ ಮಾಡಿದ ಮನುಷ್ಯ ಎಂಬ ಹೆಸರು ಬಂದಿತ್ತು. ಹಳೇ ಪಟ ಮತ್ತೆ ಗೋಡೆ ಹತ್ತಿತು. ಮುಚ್ಚಿದ ಐಸ್ ಪ್ಲಾಂಟಿನ ಗೋಡೆಗೂ ಹಚ್ಚಿದರು. ತನ್ನ ಪ್ರಾಯದ ಮುಖವನ್ನು ಅಲ್ಲಿ ನೋಡುತ್ತಾ ಸೀತು ಬಸ್ಸಿಗೆ ಕಾಯುತ್ತಿದ್ದಳು.

ಮರವಂತೆಯ ಸಭೆಯ ದಿನ ಉಲ್ಲಾಸ್ ಕಾರು ತಂದ. “ಅಜ್ಜಿ, ಮಾವ ನಿಮ್ಮನ್ನ ವೇದಿಕೆ ಮೇಲೇ ಕೂರ್ಸ್ಕ್ ಅಂದಿರ್. ಎರಡ್ ಮಾತ್ ಹೇಳಿ, ಆಶೀರ್ವಾದ ಮಾಡಿ. ಈಗ ಮಾತಾಡ್ಲಕ್ಕ್, ಈಗ ಅವ್ರ್ ಆ ಕುರ್ಚಿಲಿ ಇಲ್ಲೆ.”

ರಜೆಯಲ್ಲಿದ್ದ ಮೋಕ್ಷಿತಾ ಒಳಗಿನಿಂದ ಬಂದಳು. “ಹೋತ್ಯಾ ಅಮ್ಮಮ್ಮ?”

“ಹೋತೆ.”

“ಎಂತಕ್ಕೆ?”

“ಕರ್ದಿರ್ ಅಲ್ದಾ,” ಎಂದು ಸೀತು ಮೂಲೆಯಲ್ಲಿದ್ದ ಮೀನಿನ ಬುಟ್ಟಿ ಎತ್ತಿಕೊಂಡಳು. ಖಾಲಿ ಬುಟ್ಟಿ, ತೊಳೆದು ಒಣಗಿಸಿದ್ದು. ಉಲ್ಲಾಸನಿಗೆ ಖುಷಿಯಾಯಿತು. ಪಟಕ್ಕೆ ಅದು ಚೆಂದ ಎಂದ.

ಹೆದ್ದಾರಿ ಬದಿಯಲ್ಲಿ, ಆವತ್ತು ಕೂತಿದ್ದ ಜಾಗದ ಹತ್ತಿರವೇ ವೇದಿಕೆ ಹಾಕಿದ್ದರು. ಹಿಂದೆ ಕಡಲು. ಮುಂದೆ ಬೈಂದೂರು ಕಡೆಯಿಂದ, ಕೆರಾಡಿ ಕಡೆಯಿಂದ ಬಸ್ಸಿನಲ್ಲಿ ತಂದ ಜನ. ಒಂದು ಬದಿಗೆ ಮರವಂತೆಯವರು, ಸಂಘದ ಹೆಂಗಸರು, ಬಲೆ ಎಳೆಯುವ ಗಂಡಸರು. ಹೆಗ್ಡೆ ಮಾತಾಡಿದರು. ದನಿ ಹಾಗೇ ಇತ್ತು, ಚೂರೂ ಮಾಸಿರಲಿಲ್ಲ. “ಈ ತಾಯಂದಿರ ಜೊತೆ ಇದೇ ರಸ್ತೆಯಲ್ಲಿ ಕೂತವನು ನಾನು. ಇಲ್ಲಿಯೇ ನ್ಯಾಯ ಕಲಿತೆ. ಕೇಳದೆ ನಿಂತವನ ಪಾಲೂ ಅವನಿಗೆ ಮುಟ್ಟಬೇಕು!” ಚಪ್ಪಾಳೆ ಬಿತ್ತು. ಅವರು ಸೀತುವಿನ ಕಡೆ ಕೈ ತೋರಿಸಿ ಮೈಕು ಚಾಚಿದರು. “ಸೀತಕ್ಕ, ಬನಿ. ಒಂದ್ ಮಾತ್ ಹೇಳಿ.”

ಸೀತು ಎದ್ದು ಬಂದಳು. ಮೈಕು ಹಿಡಿಯಲಿಲ್ಲ. ಬುಟ್ಟಿಯನ್ನು ಹೆಗ್ಡೆಯವರ ಮುಂದೆ, ತನ್ನ ಕಾಲ ಬುಡದಲ್ಲಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ಸುಮ್ಮನೆ ನಿಂತಳು.

ದೂರದವರಿಗೆ ಮುದುಕಿ ಮಾತು ಮರೆತಳು ಅನ್ನಿಸಿತು. ಯಾರೋ “ಪಾಪ” ಎಂದರು. ಮರವಂತೆಯವರು ಮಾತ್ರ ಕುತ್ತಿಗೆ ಉದ್ದ ಮಾಡಿದರು. ಬಲೆ ಎಳೆಯುವ ಗಂಡಸರು ಬೀಡಿ ಕೆಳಗಿಟ್ಟರು. ಹೆಗ್ಡೆ ಬುಟ್ಟಿ ನೋಡಿದರು. ಸೀತುವನ್ನು ನೋಡಿದರು. ಅವರಿಗೆ ತಿಳಿಯಿತು. ಮಂಜನ ಮುಂದೆ ಬೈರಾಸು ಹಾಸಿ ನಿಂತವರಿಗೆ ತಿಳಿಯದೆ ಇರುತ್ತದೆಯೇ?

ಹೆಗ್ಡೆ ನಕ್ಕರು. ಕೊರಳಿನ ಹೂವಿನ ಹಾರ ತೆಗೆದು ಆ ಬುಟ್ಟಿಯೊಳಗೆ ಹಾಕಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕ್ಯಾಮೆರಾಗಳು ಚಿಟಿಚಿಟಿ ಎಂದವು.

ಆಗ ಸೀತು ಬಲಗೈ ಚಾಚಿದಳು. ಜೀವಮಾನದಲ್ಲಿ ಯಾರ ಮುಂದೆಯೂ ಚಾಚದ ಕೈ ಅದು. ಮೈಕಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಹೆಗ್ಡ್ರೆ, ನಮ್ಮ್ ಪಾಲ್ ಕೊಡಿ.”

ಮರವಂತೆಯವರ ನಡುವೆ ಅಕ್ಕು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಬ್ಬ ಮುದುಕ ಮುಂಡಾಸು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ. ಆದರೆ ಬಸ್ಸಿನಲ್ಲಿ ಬಂದವರಿಗೆ ಅದು ಬೇರೆಯೇ ಕೇಳಿಸಿತು. ಮುದುಕಿ ಶಾಸಕರಾಗುವವರ ಹತ್ತಿರ ಸಲಿಗೆಯಿಂದ ಏನೋ ಕೇಳುತ್ತಿದ್ದಾಳೆ ಎಂದುಕೊಂಡು ಸಿಳ್ಳೆ ಹೊಡೆದರು.

ಹೆಗ್ಡೆ ಮೈಕನ್ನು ಅಂಗೈಯಿಂದ ಮುಚ್ಚಿ, ಬಾಗಿ ಮೆಲ್ಲಗೆ ಹೇಳಿದರು: “ಅವತ್ತ್ ಹೇಳ್ಲಿಲ್ಯಲ ಸೀತಕ್ಕ, ನೀವ್. ನಾನ್ ಕಾದಿದ್ದೆ.”

“ನಿಮ್ಗ್ ಗೊತ್ತಿತ್ತಲೆ.”

“ನಂಗ್ ಗೊತ್ತಿದ್ದದ್ದನ್ನ ಬರೂಕಾತ್ತಿಲ್ಲೆ. ನೀವ್ ಹೇಳಿದ್ದನ್ನ ಮಾತ್ರ ಬರೂದ್. ಅದ್ ಕಾನೂನ್.”

“ಬಾಯಿ ಬಿಡುಕಾಗ ಅಂತ ನಾನ್ ನಿಮ್ಗ್ ಕಲ್ಸಿದ್ದೆ,” ಎಂದಳು ಸೀತು. “ನೀವ್ ಒಂದ್ ಮಾತ್ ನಂಗ್ ಕಲ್ಸ್ಲಕ್ಕಿತ್ತ್. ಅವತ್ತ್ ಅಲ್ಲ್ ‘ಬಾಯಿ ಬಿಡಿ ಸೀತಕ್ಕ’ ಅಂತ.”

ಹೆಗ್ಡೆ ಮೈಕಿನಿಂದ ಕೈ ತೆಗೆದು ನೆಟ್ಟಗೆ ನಿಂತು ಕೂಗಿದರು: “ಕೊಡುವ! ಸೀತಕ್ಕನ ಪಾಲು ಖಂಡಿತ ಕೊಡುವ!” ಮತ್ತೆ ಚಪ್ಪಾಳೆ. ಉಲ್ಲಾಸ್ ಬಂದು ಸೀತುವಿನ ಹೆಗಲು ಹಿಡಿದು ಮೆಟ್ಟಿಲು ಇಳಿಸಿದ. ಬುಟ್ಟಿಯನ್ನೂ ತಂದುಕೊಟ್ಟ, ಹಾರ ಸಮೇತ.

ಹೆಗ್ಡೆ ಗೆದ್ದರು. ಮರವಂತೆಯಲ್ಲಿ ಅವರಿಗೆ ವೋಟು ಕಡಿಮೆ ಬಿತ್ತಂತೆ. ಅದರಿಂದ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. “ಕರೆಂಟ್ ಮಂತ್ರಿ ಆತ್ರಂಬ್ರ್,” ಎಂದಳು ಅಕ್ಕು. “ಆಗ್ಲಿ ಹೆಣೆ. ನಾವ್ ಬೇಡ ಅಂದ್ ಬರ್ದ್ ಕೊಟ್ಟಿತ್ತಾ?” ನಗಲು ಹೊರಟವಳು ನಗಲಿಲ್ಲ.

ಈಗ ಬೆಳಿಗ್ಗೆ ಹೆದ್ದಾರಿ ಬದಿಗೆ ಉಲ್ಲಾಸನ ಐಸ್ ಗಾಡಿ ಬಂದು ನಿಲ್ಲುತ್ತದೆ. ಪುಡಿ ಮಾಡಿದ ಐಸನ್ನು ಸಲಿಕೆಯಲ್ಲಿ ತೋಡಿ ಕೊಡುವವನು ಸುಜನ್ ಎಂಬ ಹುಡುಗ, ಬ್ರಹ್ಮಾವರದವನು. ಮೊದಲ ದಿನ ಸೀತು ಬುಟ್ಟಿಯನ್ನು ಕಾಲ ಬುಡದಲ್ಲಿ ಇಟ್ಟು ನಿಂತಳು. ಕೂಗಿದವರಿಗೆಲ್ಲ ಐಸ್ ಸಿಕ್ಕಿತು. ಗಾಡಿ ಹೊರಡುವಾಗ ಅವಳ ಬುಟ್ಟಿ ಹಾಗೇ ಇತ್ತು. ಸುಜನ್ ಕೆಟ್ಟವನಲ್ಲ. ಕಂಡು ಗಾಡಿ ನಿಲ್ಲಿಸಿದ.

“ಎಂತ ಅಜ್ಜಿ, ಬೇಕಾರೆ ಬಾಯ್ ಬಿಟ್ಟ್ ಕೇಣ್ಕ್ ಅಲ್ದಾ? ಸುಮ್ನೆ ನಿಂತ್ರೆ ನಂಗ್ ಹ್ಯಾಂಗ್ ಗೊತ್ತಾತ್ತ್?”

ಈಗ ಸೀತು ಕೇಳುತ್ತಾಳೆ. ಗುಂಪಿನ ನಡುವೆ ಕೈ ಚಾಚಿ, “ಹ್ವಾಯ್, ನಂಗ್ ಹಾಕಿ, ಇಲ್ಲ್ ಹಾಕಿ,” ಎಂದು ಕೂಗುತ್ತಾಳೆ. ಸುಜನ್ ಮುದುಕಿ ಎಂದು ಸ್ವಲ್ಪ ಹೆಚ್ಚೇ ಹಾಕುತ್ತಾನೆ. ಬಸ್ಸು ಕೆರಾಡಿ ಮುಟ್ಟುವ ತನಕ ಅವಳು ಆ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಿರುತ್ತಾಳೆ. ಯಾರಾದರೂ ಕೇಳಿದರೆ, ಐಸ್ ಮುಟ್ಟಿ ಥಂಡಿ ಹಿಡಿದಿದೆ ಎನ್ನುತ್ತಾಳೆ.